ಗಾಣಗಾಪುರಕ್ಕೆ ಬಾ, ದೋಸ್ತಾ

ಪ್ರೀತಿಯ ದೋಸ್ತಾ,

ಲಕ್ವಾ ಹೊಡೆದ ಮೇಲೆ ದತ್ತನ ದರ್ಶನ ಇನ್ನು ನನ್ನ ಹಣೇಲಿ ಬರೆದಿಲ್ಲ ಅಂತ ಬರೆದಿದ್ದೀಯ. ಓದಿ ಸಂಕಟವಾಯಿತು. ನಾನು ಚಿಕ್ಕಂದಿನಿಂದ ಪೋಲಿಯೋ ಕಾಲಲ್ಲೇ ಅಲ್ಲಿಗೆ ಹೋಗಿ ಬರುವವನು. ನಿನಗೂ ಆಗುತ್ತದೆ.

ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿಯಬೇಡ. ಅಲ್ಲಿಂದ ಊರು ಇನ್ನೂ 20 ಕಿ.ಮೀ. ಮೇಲಿದೆ. ಕಲಬುರಗಿಗೇ ಬಾ, ರಾತ್ರಿ ನಮ್ಮನೇಲಿ ಮಲಗು, ಬೆಳಿಗ್ಗೆ ಕಾರು ಮಾಡಿಕೊಂಡು ಹೋಗೋಣ. ಹುಣ್ಣಿಮೆ, ಅಮಾವಾಸ್ಯೆ, ಗುರುವಾರ ಬೇಡ. ದತ್ತ ಜಯಂತಿಯಂತೂ ಬೇಡವೇ ಬೇಡ.

ಮೊದಲು ಸಂಗಮ. ಭೀಮಾ, ಅಮರ್ಜಾ ಕೂಡುವ ಜಾಗ ಗುಡಿಯಿಂದ ಸುಮಾರು 3 ಕಿ.ಮೀ. ದೂರ. ಒದ್ದೆ ಮೆಟ್ಟಿಲು ಜಾರುತ್ತದೆ, ನೀರಿಗೆ ಇಳಿಯುವ ಹಟ ಬೇಡ. ಮೇಲೆ ಕೂತ್ಕೋ, ನನ್ನ ಮಗ ಕೊಡ ತುಂಬಿ ತಂದು ತಲೆ ಮೇಲೆ ಹಾಕುತ್ತಾನೆ. ಅದೇ ಭೀಮೆ ನೀರು ಅಲ್ವಾ? ಆಮೇಲೆ ಔದುಂಬರದ ನೆರಳಲ್ಲಿ ಸುಮ್ನೆ ಸ್ವಲ್ಪ ಹೊತ್ತು ಕೂರೋಣ. ಗುರುಚರಿತ್ರೆ ಪಾರಾಯಣ ಕಿವಿಗೆ ಬೀಳಲಿ.

ಜಾಸ್ತಿ ಕಷ್ಟ ಇರುವುದು ಗುಡಿ ಬಾಗಿಲಲ್ಲಿ. ನನ್ನ ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆ ಕೊಡುವ ಪಟ್ಟಿ, ಬೂಟಿಗೇ ಜೋಡಿಸಿದ್ದು. ಬೂಟು ಬಿಚ್ಚಿದರೆ ಕಾಲಿನ ಆಸರೆಯೇ ಹೋಯಿತು. ಹಾಗಾಗಿ ಒಳಗೆ ಎರಡು ಊರುಗೋಲು ಹಿಡಿಯುತ್ತೇನೆ. ತುದಿಯ ರಬ್ಬರ್ ತೊಳೆದೇ ಒಳಗೆ ಒಯ್ಯುತ್ತೇನೆ. ನಿನ್ನ ಪಾದಕ್ಕೆ ಆಸರೆ ಕೊಡುವ ಪಟ್ಟಿ ಪ್ಲಾಸ್ಟಿಕ್ಕಿನದು, ಬರೀ ಕಲ್ಲಿನ ಮೇಲೆ ಜಾರುತ್ತದೆ. ಅಡಿಯಲ್ಲಿ ರಬ್ಬರ್ ಚುಕ್ಕಿ ಇರುವ ಹೊಸ ಸಾಕ್ಸ್ ತಾ. ಪೂಜಾರಿಗಳಿಗೆ ಮೊದಲೇ ಹೇಳಿ, ಪಟ್ಟಿಯ ಮೇಲೆ ಅದನ್ನು ಹಾಕಿಕೋ. ನಿರ್ಗುಣ ಪಾದುಕೆಯನ್ನು, ಅಂದರೆ ಅಲ್ಲಿ ಪೂಜಿಸುವ ದತ್ತ ಗುರುವಿನ ಪಾದುಕೆಯನ್ನು, ಸಣ್ಣ ಕಿಟಕಿಯಲ್ಲಿ ಇಣುಕಿ ನೋಡಬೇಕು. ಅಲ್ಲಿ ಹಿಂದಿನವರು ನೂಕುತ್ತಾರೆ. ನಿನ್ನ ಬಲಗೈ ಕೋಲಿನ ಮೇಲಿರುತ್ತದೆ, ಎಡಗೈಗೆ ಹಿಡಿತ ಇಲ್ಲ. ಮಗ ನಿನ್ನ ಬೆನ್ನಿಗೇ ನಿಲ್ಲುತ್ತಾನೆ. ಅವಸರ ಮಾಡಬೇಡ, ಕಣ್ತುಂಬ ನೋಡು.

ಕೇಳದೆ ರಟ್ಟೆ ಹಿಡಿದು ಎಳೆಯುವವರೂ ಸಿಗುತ್ತಾರೆ. ಮನಸ್ಸು ಒಳ್ಳೆಯದೇ, ಆದರೆ ಬೀಳಿಸಿಬಿಡುತ್ತಾರೆ. "ಎಳೀಬ್ಯಾಡ್ರಿ, ಹೆಗಲು ಕೊಡ್ರಿ ಸಾಕು" ಅಂತ ಜೋರಾಗಿ ಹೇಳು. ಎಲ್ಲದಕ್ಕೂ ಇನ್ನೊಬ್ಬರನ್ನು ಬೇಡಬೇಕಲ್ಲ ಅಂತ ನೊಂದುಕೊಂಡಿದ್ದೀಯ. ಗಾಣಗಾಪುರದಲ್ಲಿ ಮಧ್ಯಾಹ್ನವಾದರೆ ಸಾಹುಕಾರನೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾನೆ. ಬೇಡುವುದೇ ಅಲ್ಲಿಯ ಸೇವೆ. ಅಂಥಾ ಊರಲ್ಲಿ ಒಂದು ಹೆಗಲು ಕೇಳಲು ಸಂಕೋಚ ಯಾಕೆ?

ಇಳಿಜಾರು ದಾರಿ, ಹಿಡಿಯಲು ಕಂಬಿ, ಇವು ಮಾತ್ರ ಬೇಡಿ ಪಡೆಯುವಂಥವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಸಾರ್ವಜನಿಕ ಕಟ್ಟಡಗಳಲ್ಲಿ ಗುಡಿ, ದರ್ಗಾ, ಮಠಗಳೂ ಬರುತ್ತವೆ. ನಾವು ಹೋಗುವ ಪ್ರತಿ ಕಡೆ ಇದನ್ನು ಗಟ್ಟಿಯಾಗಿ ಕೇಳಬೇಕು ದೋಸ್ತಾ. ನೀನು ಬಂದಾಗ ಇಬ್ಬರೂ ಸಹಿ ಹಾಕಿ ಒಂದು ಅರ್ಜಿ ಕೊಡೋಣ.

ದೀಪಾವಳಿ ಮುಗಿಸಿ ಬಾ. ಆಗ ಬಿಸಿಲು ಇಳಿದಿರುತ್ತದೆ, ಕಲ್ಲು ಕಾಲು ಸುಡುವುದಿಲ್ಲ. ಅವ್ವನನ್ನೂ ಕರೆದುಕೊಂಡು ಬಾ. ಟಿಕೆಟ್ ತೆಗೆದ ಕೂಡಲೇ ಫೋನ್ ಮಾಡು, ಸ್ಟೇಷನ್ನಿಗೆ ಬರುತ್ತೇವೆ.

ನಿನ್ನ ದೋಸ್ತ,
ಕಲಬುರಗಿ