ಈಜಬೇಡಿ ಅಂತ ಬೋರ್ಡ್ ಹಾಕಿದರೆ ಮುಗೀತಾ?

ಸಂಪಾದಕರಿಗೆ ನಮಸ್ಕಾರ.

ದಸರಾ ರಜೆ ಬಂತು ಅಂದರೆ ನಮ್ಮ ಬೇಲೂರು ಕಡೆ ಹುಡುಗರು ಮನೆಯಲ್ಲಿ ನಿಲ್ಲುವುದಿಲ್ಲ. ನಾವೂ ನಿಲ್ಲುತ್ತಿರಲಿಲ್ಲ ಬಿಡಿ. ಆದರೆ ನಾವು ಯಗಚಿ ಹೊಳೆಗೆ ಹೋಗುತ್ತಿದ್ದೆವು, ಈಗಿನವರು ನಾಲೆಗೆ ಹೋಗುತ್ತಾರೆ. ನಾನು ಬರೆಯಬೇಕು ಅಂದುಕೊಂಡಿದ್ದು ಇದರ ಬಗ್ಗೆಯೇ.

ಹೋದ ದಸರಾ ರಜೆಯಲ್ಲಿ ನಮ್ಮ ನೆಂಟರ ಹುಡುಗ, ಹೈಸ್ಕೂಲು ಓದುವವನು, ಈಜು ಚೆನ್ನಾಗಿಯೇ ಬರುವವನು, ಹತ್ತಿರದ ಒಂದು ನಾಲೆಗೆ ಇಳಿದ. ಇಳಿಯುವುದು ಸುಲಭ, ಹತ್ತುವುದು ಆಗಲಿಲ್ಲ. ಕಾಲಿಟ್ಟಲ್ಲೆಲ್ಲ ಜಾರಿ, ಸುಮಾರು ದೂರ ತೇಲಿಹೋದ ಮೇಲೆ, ಅಲ್ಲಿ ದನ ಮೇಯಿಸುತ್ತಿದ್ದ ಯಜಮಾನರೊಬ್ಬರು ಉಟ್ಟಿದ್ದ ಪಂಚೆಯನ್ನೇ ಬಿಚ್ಚಿ ಎಸೆದು ಎಳೆದುಕೊಂಡರು. ಅವರಿಗೆ ಹೊಸ ಪಂಚೆ ಕೊಟ್ಟು ಬಂದೆವು. ಆಮೇಲೆ ಒಂದು ಕಚೇರಿಗೂ ಹೋಗಿ ಹೇಳಿದೆ. 'ಬೋರ್ಡ್ ಹಾಕಿದ್ದೀವಲ್ಲ ಸಾರ್' ಅಂದರು. ಹಾಕಿದ್ದಾರೆ, ಸುಳ್ಳಲ್ಲ. ಅದರ ಮೇಲೆ ಹುಡುಗರ ಬಟ್ಟೆ ನೇತಾಡುತ್ತಿರುತ್ತದೆ.

ನಾಲೆ ನೋಡುವುದಕ್ಕೆ ಬಲು ಸಾಧು. ಸುಳಿ ಕಾಣುವುದಿಲ್ಲ, ಬಂಡೆ ಇಲ್ಲ, ಎದೆಮಟ್ಟದ ನೀರು ಅಷ್ಟೇ ಅನ್ನಿಸುತ್ತದೆ. ಆದರೆ ಎರಡೂ ಕಡೆ ಇಳಿಜಾರು ಕಾಂಕ್ರೀಟು, ಅದರ ಮೇಲೆ ಪಾಚಿ, ಹಿಡಿದುಕೊಳ್ಳಲು ಒಂದು ಬೇರಿಲ್ಲ, ಕಲ್ಲಿಲ್ಲ, ಅಡ್ಡಿ ಇಲ್ಲದ್ದರಿಂದ ನೀರಿನ ಓಟವೂ ಜಾಸ್ತಿ, ಮುಂದೆಲ್ಲೋ ರಸ್ತೆ ಕೆಳಗಿನ ಮೋರಿಯೊಳಕ್ಕೆ ನೀರು ನುಗ್ಗುವ ಜಾಗ ಬಂದರೆ ಕಥೆ ಮುಗಿದ ಹಾಗೆ. ಹೊಳೆಯಲ್ಲೂ ಜನ ಸತ್ತಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೂ ಹೊಳೆಗೆ ಬಾಗು ಇರುತ್ತದೆ, ಮರಳು ಇರುತ್ತದೆ, ದಡದಲ್ಲಿ ಹೊಂಗೆ ಬೇರು ಇರುತ್ತದೆ, ಎಲ್ಲಿ ಮಡು ಎಲ್ಲಿ ತೆಳು ಅಂತ ಹೇಳುವ ಹಿರಿಯರೂ ಇರುತ್ತಿದ್ದರು.

ಯಗಚಿ ದೊಡ್ಡ ಹೊಳೆಯೇನಲ್ಲ. ಬಾಬಾಬುಡನ್‌ಗಿರಿ ಬೆಟ್ಟದ ಒಂದು ಮಗ್ಗುಲಿಗೆ ಬಿದ್ದ ಮಳೆ ಭದ್ರಾ ಕಡೆ ಹರಿದು ಕೊನೆಗೆ ಕೃಷ್ಣೆಗೆ ಹೋದರೆ, ನಮ್ಮ ಮಗ್ಗುಲಿನದು ಯಗಚಿಯಾಗಿ ಚಿಕ್ಕಮಗಳೂರು ಕಡೆಯಿಂದ ಬೇಲೂರಿಗೆ ಬಂದು, ಹಾಸನ ತಾಲ್ಲೂಕಿಗೆ ಇಳಿದು, ಗೊರೂರಿನ ಹತ್ತಿರ ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಬೇಲೂರಿನ ಹತ್ತಿರ ಇದಕ್ಕೆ 2001ರಲ್ಲಿ ಡ್ಯಾಂ ಆಯಿತು. ರೈತರಿಗೆ ನೀರು ಬಂತು, ಊರುಗಳಿಗೆ ಕುಡಿಯುವ ನೀರು ಬಂತು, ಅದನ್ನು ದೂರುವವನು ನಾನಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ಪಟ್ಟಿ ಸೇರಿದವು. ಬಂದವರು ಚೆನ್ನಕೇಶವನನ್ನು ನೋಡಿಕೊಂಡು, ಸಂಜೆ ಹಾಗೇ ಡ್ಯಾಂ ಕಡೆ ಬರುತ್ತಾರೆ. ಒಳ್ಳೆಯದೇ. ದುಡ್ಡು ಕೊಟ್ಟು ದೋಣಿ ಹತ್ತುವವರಿಗೆ ಲೈಫ್ ಜಾಕೆಟ್ ಕೊಡಬೇಕು ಅಂತ ಗೊತ್ತಿದೆಯಲ್ಲ, ಚಡ್ಡಿಯಲ್ಲಿ ನೀರಿಗೆ ಹಾರುವ ಊರ ಹುಡುಗರ ಬಗ್ಗೆ ಯಾಕೆ ಯಾರೂ ಯೋಚನೆ ಮಾಡುವುದಿಲ್ಲ?

ನಾಲೆ ನಮ್ಮ ಸೀಮೆಗೆ ಹೊಸದೇನಲ್ಲ. ಹೊಯ್ಸಳರ ಕಾಲದಲ್ಲೇ ರಣಘಟ್ಟದ ಹತ್ತಿರ ಯಗಚಿ ನೀರನ್ನು ತಿರುಗಿಸಿ ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಒಯ್ದಿದ್ದರು. ಅದೇ ಕಾಲದವರು ಹಳೇಬೀಡಿನ ಪಕ್ಕ ಹುಲಿಕೆರೆಯಲ್ಲಿ ಕಲ್ಯಾಣಿಯನ್ನೂ ಕಟ್ಟಿದ್ದಾರೆ, ಹೋಗಿ ನೋಡಿ, ನೀರು ಎಷ್ಟೇ ಇರಲಿ, ಇಳಿಯಲು ಹತ್ತಲು ಮೆಟ್ಟಿಲಿದೆ. ನೀರು ಅಂದ ಮೇಲೆ ಜನ ಇಳಿದೇ ಇಳಿಯುತ್ತಾರೆ ಅಂತ ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ನಾನು ಕೇಳುವುದು ಪಾರ್ಕು, ಕಾರಂಜಿ ಅಲ್ಲ. ಬೇಲೂರಿನ ಆಸುಪಾಸಿನಲ್ಲಿ ಹೊಳೆ ತೆಳುವಾಗಿರುವ ಕಡೆ ಒಂದು ಸೋಪಾನಕಟ್ಟೆ, ಹಿಡಿಯಲು ಸರಪಳಿ, ಇಲ್ಲಿಂದ ಮುಂದೆ ಆಳ ಅಂತ ತೋರಿಸುವ ಒಂದು ಕಂಬ. ನಾಲೆಗಳಲ್ಲಿ ಊರು ಹತ್ತಿರ ಇರುವ ಕಡೆ ಕಬ್ಬಿಣದ ಮೆಟ್ಟಿಲು, ಮೋರಿಗೆ ಮುಂಚೆ ಅಡ್ಡ ಒಂದು ಹಗ್ಗ, ತೇಲಿಬಂದವನ ಕೈಗೆ ಸಿಗುವ ಹಾಗೆ. ಮತ್ತೆ ನೀರು ಬಿಡುವ ದಿನ ರೈತರಿಗೆ ಮಾತ್ರ ಗೊತ್ತಾದರೆ ಸಾಲದು, ಶಾಲೆಗಳಿಗೂ ಒಂದು ಮಾತು ಹೇಳಿ, ಅದಕ್ಕೇನೂ ಖರ್ಚಿಲ್ಲ, ಅಲ್ವಾ?

ಮೆಟ್ಟಿಲು ಕೂರಿಸುವುದು ನಾಲೆ ಒಣಗಿರುವಾಗ ಮಾತ್ರ ಆಗುವ ಕೆಲಸ. ಹಾಗಾಗಿ ಬೇಸಿಗೆಯಲ್ಲಿ ನೀರು ನಿಲ್ಲಿಸಿ ಹೂಳು ತೆಗೆಸುತ್ತಾರಲ್ಲ, ಆಗಲೇ ಇದನ್ನೂ ಸೇರಿಸಿ ಮಾಡಿಸಲಿ.

ಇಂತಿ,
ಒಬ್ಬ ಓದುಗ, ಬೇಲೂರು