ಸೆನ್ಸರ್ ಎರಡು ಸಲ ಬದಲಾಯಿತು, ಬಜರ್ ನಿಲ್ಲಲಿಲ್ಲ: ಔಟ್‌ಬೋರ್ಡ್ ಎಂಜಿನ್ ಕಂಪನಿಗೆ ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಆಯಿಲ್ ಲೆವೆಲ್ ಸೆನ್ಸರ್ ದೋಷವೆಂದು ತಪ್ಪಾಗಿ ತೀರ್ಮಾನಿಸಿದ್ದು, ಎಚ್ಚರಿಕೆಯ ವೈರ್ ಕಳಚಿ ಎಂಜಿನ್ ಓಡಿಸಲು ಹೇಳಿದ್ದು.

ಮಾನ್ಯರೇ,

ನಿಮ್ಮ ಅಧಿಕೃತ ಸರ್ವಿಸ್ ಕೇಂದ್ರದವರು ನಮ್ಮ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್‌ನ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್) ಆಯಿಲ್ ಲೆವೆಲ್ ಸೆನ್ಸರನ್ನು, ಅಂದರೆ ಎಣ್ಣೆ ಕಡಿಮೆಯಾದಾಗ ಬಜರ್ ಕೂಗಿಸುವ ಭಾಗವನ್ನು, ಎರಡು ಸಲ ಬದಲಿಸಿದರು, ಎರಡು ಸಲವೂ ಬಿಲ್ ಮಾಡಿದರು. ಎಣ್ಣೆ ಇದ್ದರೂ ಬಜರ್ ಕೂಗುವ ತೊಂದರೆ ಹಾಗೇ ಉಳಿಯಿತು. ಮೂರನೇ ಸಲ ಕರೆಸಿದಾಗ ಸೆನ್ಸರ್ ವೈರಿನ ಎಂಜಿನ್ ಕಡೆಯ ಪ್ಲಗ್ ಕಳಚಿಟ್ಟು, "ಇನ್ನು ಬಜರ್ ಬರಲ್ಲ, ಹೀಗೇ ಓಡಿಸಿ" ಎಂದು ಹೇಳಿ ಹೋದರು. ಜಾಬ್ ಕಾರ್ಡ್‌ನಲ್ಲಿ "ದೋಷ ಪರಿಹರಿಸಲಾಗಿದೆ" ಎಂದು ಬರೆದಿದ್ದಾರೆ. ನಮ್ಮ ದೂರು ಮುಖ್ಯವಾಗಿ ಈ ಮೂರನೇ ಭೇಟಿಯ ಬಗ್ಗೆ.

ಮೊದಲು ದೋಷ ಏನೆಂದು ಹೇಳುತ್ತೇವೆ. ದೋಣಿಯೊಳಗಿನ ಆಯಿಲ್ ಟ್ಯಾಂಕ್ ಕಂಠಮಟ್ಟ ತುಂಬಿದ್ದರೂ ಕೆಂಪು ದೀಪ ಹತ್ತಿಕೊಂಡು ಬಜರ್ ಕೂಗುತ್ತದೆ, ಎಂಜಿನ್ ವೇಗ ತಾನಾಗಿ 2000 ಆರ್‌ಪಿಎಂ ಆಸುಪಾಸಿಗೆ ಇಳಿಯುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಮತ್ತೆ ಅದೇ. ಅಲೆಗೆ ಎಣ್ಣೆ ತುಳುಕಿ ಸೆನ್ಸರಿನ ಫ್ಲೋಟ್ (ಎಣ್ಣೆಯಲ್ಲಿ ತೇಲುವ ಬೆಂಡು) ಒಂದು ಕ್ಷಣ ಕೆಳಗಿಳಿದರೂ ಹೀಗಾಗಬಹುದು, ನಿಜ. ಆದರೆ ನಿಶ್ಚಲ ನೀರಿನಲ್ಲಿ ದೋಣಿ ಕಟ್ಟಿ ನಿಲ್ಲಿಸಿದ್ದಾಗಲೂ ಇದೇ ಆಗುತ್ತಿತ್ತು. "ಎಡಕ್ಕೆ ತಿರುಗಿಸಿದಾಗ ಮಾತ್ರ" ಎಂಬ ಮಾತು ಮೊದಲ ಜಾಬ್ ಕಾರ್ಡ್‌ನಲ್ಲೇ ದಾಖಲಾಗಿದೆ. ಟ್ಯಾಂಕ್ ಇರುವುದು ದೋಣಿಯ ಒಳಗೆ. ಸ್ಟಿಯರಿಂಗ್ ತಿರುಗಿಸಿದಾಗ ಎಂಜಿನ್ ಇಡಿಯಾಗಿ ಎಡಬಲಕ್ಕೆ ಹೊರಳಿದರೂ ಅದು ಅಲುಗಾಡುವುದಿಲ್ಲ. ಅಲುಗಾಡುವುದು ಟ್ಯಾಂಕ್‌ನಿಂದ ಎಂಜಿನ್‌ಗೆ ಹೋಗುವ ವೈರ್ ಮಾತ್ರ. ಇಷ್ಟು ಯೋಚಿಸಿದ್ದರೂ ಸೆನ್ಸರ್ ಬಿಚ್ಚುವ ಅಗತ್ಯ ಬರುತ್ತಿರಲಿಲ್ಲ.

ಈ ಸೆನ್ಸರ್‌ನಲ್ಲಿ ದೊಡ್ಡ ರಹಸ್ಯವೇನಿಲ್ಲ. ಪ್ಲಾಸ್ಟಿಕ್ ಕಡ್ಡಿಯೊಳಗೆ ಗಾಜಿನ ಸಣ್ಣ ನಳಿಗೆ, ಅದರೊಳಗೆ ಎರಡು ತೆಳು ಲೋಹದ ಎಲೆಗಳಿರುವ ರೀಡ್ ಸ್ವಿಚ್. ಕಡ್ಡಿಯ ಸುತ್ತ ಮೇಲೆ ಕೆಳಗೆ ಜಾರುವ ಫ್ಲೋಟ್‌ನಲ್ಲಿ ಅಯಸ್ಕಾಂತ. ಎಣ್ಣೆ ಇಳಿದಂತೆ ಫ್ಲೋಟ್ ಇಳಿದು, ಅಯಸ್ಕಾಂತ ಸ್ವಿಚ್ಚಿನ ಎದುರಿಗೆ ಬಂದಾಗ ಎಲೆಗಳು ಕೂಡಿಕೊಳ್ಳುತ್ತವೆ, ಸಿಗ್ನಲ್ ವೈರ್ ಕಪ್ಪು ಅರ್ಥ್ ವೈರಿಗೆ ಸೇರುತ್ತದೆ, ಬಜರ್ ಕೂಗುತ್ತದೆ. ಅಂದರೆ ಸರ್ಕ್ಯೂಟ್ ಕೂಡಿದರೆ "ಎಣ್ಣೆ ಇಲ್ಲ", ತೆರೆದಿದ್ದರೆ "ಎಣ್ಣೆ ಇದೆ". ಮುಂದಿನದನ್ನೆಲ್ಲ ಅರ್ಥಮಾಡಿಕೊಳ್ಳಲು ಈ ಒಂದು ಅಂಶ ಸಾಕು.

ನಾವು ಮಾಡಿದ ಪರೀಕ್ಷೆ ಹೀಗಿದೆ. ಮೊದಲು ಎಂಜಿನ್ ಕಡೆಯ ಪ್ಲಗ್ ಕಳಚಿ, ಕೀ ಆನ್ ಮಾಡಿ, ಎಂಜಿನ್ ಕಡೆಯ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಕೂಡಿಸಿದೆವು. ಬಜರ್ ಬಂತು, ವೈರ್ ತೆಗೆದೊಡನೆ ಸರ್ಕ್ಯೂಟ್ ತೆರೆದುಕೊಂಡಿತು, ಕೀ ಆಫ್ ಮಾಡಿ ಆನ್ ಮಾಡಿದ ಮೇಲೆ ಸದ್ದಿಲ್ಲ. ಕಂಟ್ರೋಲ್ ಯೂನಿಟ್ಟೂ ಬಜರೂ ಸರಿಯಾಗಿವೆ ಎಂದಾಯಿತು. ಆಮೇಲೆ ಆ ಪ್ಲಗ್ ಹಾಕಿ, ಟ್ಯಾಂಕ್ ಕಡೆಯ ಪ್ಲಗ್ ಮಾತ್ರ ಕಳಚಿ, ಅಂದರೆ ಸೆನ್ಸರನ್ನೇ ದಾರಿಯಿಂದ ತೆಗೆದುಹಾಕಿ, ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದೆವು. ಬಜರ್ ಕೂಗಿತು. ಸೆನ್ಸರೇ ಇಲ್ಲದಿದ್ದರೂ "ಎಣ್ಣೆ ಇಲ್ಲ" ಎಂಬ ಸುದ್ದಿ ಹೋಗುತ್ತಿದೆಯೆಂದರೆ ತಪ್ಪು ಈ ಎರಡು ಪ್ಲಗ್‌ಗಳ ನಡುವೆ ಇದೆ, ಬೇರೆಲ್ಲೂ ಅಲ್ಲ.

ಎರಡೂ ಪ್ಲಗ್ ಕಳಚಿ, ಸಿಗ್ನಲ್ ವೈರ್ ಮತ್ತು ಎಂಜಿನ್ ಬಾಡಿಯ ನಡುವೆ ಮಲ್ಟಿಮೀಟರ್ ಇಟ್ಟು ಓಮ್ಸ್ ನೋಡಿದೆವು. ಎಂಜಿನ್ ನೇರವಾಗಿದ್ದಾಗ ಸರ್ಕ್ಯೂಟ್ ಪೂರ್ತಿ ತೆರೆದೇ ಇತ್ತು. ಪೂರ್ತಿ ಎಡಕ್ಕೆ ತಿರುಗಿಸಿದಾಗ 2ರಿಂದ 3 ಓಮ್ಸ್, ವೈರಿನ ಕಟ್ಟನ್ನು ಕೈಯಲ್ಲಿ ಅಲುಗಾಡಿಸಿದರೆ ರೀಡಿಂಗ್ ಕುಣಿಯುತ್ತದೆ. ಅಪ್ಪಟ ಬಾಡಿ ಶಾರ್ಟ್, ಅಂದರೆ ಸಿಗ್ನಲ್ ವೈರ್ ಅರ್ಥ್ ಆಗಿರುವ ಎಂಜಿನ್ ಲೋಹಕ್ಕೆ ತಾಗಿ ಸರ್ಕ್ಯೂಟ್ ಕೂಡುತ್ತಿದೆ. ಕೌಲಿಂಗ್‌ನ (ಎಂಜಿನ್ ಮೇಲಿನ ಮುಚ್ಚಳದ) ರಬ್ಬರ್ ಬಾಯಿಯ ಹತ್ತಿರ ವೈರಿನ ಹೊರಗವಸು ಸುಮಾರು 6 ಮಿ.ಮೀ. ಉದ್ದಕ್ಕೆ ಸವೆದುಹೋಗಿದೆ. ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿವೆ. ಎದುರಿಗಿನ ಬ್ರಾಕೆಟ್ ಅಂಚಿನಲ್ಲಿ ಪೇಂಟ್ ಕಿತ್ತು ಲೋಹ ಹೊಳೆಯುತ್ತಿದೆ. ಅಲ್ಲಿ ವೈರನ್ನು ಹಿಡಿದಿಡಬೇಕಾದ ಕ್ಲಿಪ್ಪೇ ಇಲ್ಲ. ಕ್ಲಿಪ್ಪಿನ ತೂತು ಖಾಲಿಯಾಗಿರುವುದು ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಸೆನ್ಸರ್‌ಗಳ ವಿಚಾರ. ಎಂಜಿನ್ ಜೊತೆ ಬಂದ ಮೂಲ ಸೆನ್ಸರ್ ನಮ್ಮ ಬಳಿ ಇದೆ. ಫ್ಲೋಟ್ ಕೆಳಗಿದ್ದಾಗ 0.3 ಓಮ್ಸ್, ಮೇಲೆತ್ತಿದರೆ ತೆರೆದ ಸರ್ಕ್ಯೂಟ್. ಹತ್ತು ಸಲ ಮೇಲೆ ಕೆಳಗೆ ಮಾಡಿದರೂ ಒಮ್ಮೆಯೂ ತಪ್ಪಲಿಲ್ಲ. ಫ್ಲೋಟ್ ಎಣ್ಣೆಯಲ್ಲಿ ಸರಿಯಾಗಿ ತೇಲುತ್ತದೆ, ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿಕೊಂಡಿಲ್ಲ. ಅದು ಎಂದೂ ಕೆಟ್ಟಿರಲಿಲ್ಲ. ಮೊದಲ ಭೇಟಿಯಲ್ಲಿ ಹಾಕಿದ ಎರಡನೇ ಸೆನ್ಸರ್ ಮಾತ್ರ ಈಗ ಫ್ಲೋಟ್ ಎಲ್ಲಿದ್ದರೂ 0.3 ಓಮ್ಸ್ ತೋರಿಸುತ್ತದೆ, ಒಳಗಿನ ಎಲೆಗಳು ಬೆಸೆದುಕೊಂಡಿವೆ. ಎರಡನೇ ಜಾಬ್ ಕಾರ್ಡ್‌ನಲ್ಲಿ ನಿಮ್ಮವರೇ "ಟೆಸ್ಟ್ ಲ್ಯಾಂಪ್ ಹಾಕಿ ಪರೀಕ್ಷಿಸಲಾಗಿದೆ" ಎಂದು ಬರೆದಿದ್ದಾರೆ. ರೀಡ್ ಸ್ವಿಚ್ಚಿಗೆ 12 ವೋಲ್ಟ್ ಬಲ್ಬಿನ ಟೆಸ್ಟ್ ಲ್ಯಾಂಪ್ ಹಾಕಲೇಬಾರದು. ತಣ್ಣಗಿರುವ ಬಲ್ಬ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಎಳೆಯುವ ಕರೆಂಟ್ ಅದರ ಮಾಮೂಲಿ ಕರೆಂಟಿಗಿಂತ ಎಷ್ಟೋ ಪಟ್ಟು ಹೆಚ್ಚು, ಆ ತೆಳು ಎಲೆಗಳನ್ನು ಬೆಸೆದುಹಾಕಲು ಅಷ್ಟು ಸಾಕು. ಹೊಸ ಸೆನ್ಸರ್ ಹಾಳಾಗಿದ್ದು ಹೀಗೇ ಎಂದು ನಮ್ಮ ಬಲವಾದ ಅನಿಸಿಕೆ. ಹಾಳಾದ ಆ ಭಾಗದ ಬದಲಿಗೆ ಇನ್ನೊಂದು ಹಾಕಿ, ಅದಕ್ಕೂ ನಮ್ಮಿಂದಲೇ ಹಣ ತೆಗೆದುಕೊಂಡರು.

ಹಣದ ಮಾತು ಹೇಗೂ ಇತ್ಯರ್ಥವಾಗುತ್ತದೆ. ಪ್ಲಗ್ ಕಳಚಿ ಓಡಿಸಿ ಎಂದದ್ದನ್ನು ಮಾತ್ರ ಸುಮ್ಮನೆ ಬಿಡಲು ನಮಗೆ ಮನಸ್ಸಿಲ್ಲ. ಪ್ಲಗ್ ಕಳಚಿದರೆ ಸರ್ಕ್ಯೂಟ್ ಸದಾ ತೆರೆದಿರುತ್ತದೆ, ಕಂಟ್ರೋಲ್ ಯೂನಿಟ್ ಅದನ್ನು ತುಂಬಿದ ಟ್ಯಾಂಕ್ ಎಂದೇ ಓದಿಕೊಳ್ಳುತ್ತದೆ. ಎಣ್ಣೆ ನಿಜವಾಗಿ ಮುಗಿದರೂ ದೀಪವಿಲ್ಲ, ಬಜರ್ ಇಲ್ಲ, ವೇಗಕ್ಕೆ ತಡೆಯೂ ಇಲ್ಲ. ಟೂ-ಸ್ಟ್ರೋಕ್ ಎಂಜಿನ್‌ಗೆ ಫೋರ್-ಸ್ಟ್ರೋಕ್‌ನಂತೆ ಕೆಳಗೆ ಎಣ್ಣೆಯ ಸಂಪ್ ಇರುವುದಿಲ್ಲ. ಪೆಟ್ರೋಲ್ ಜೊತೆ ಬರುವ ಆ ಚೂರು ಎಣ್ಣೆಯೇ ಪಿಸ್ಟನ್‌ಗೂ ಬೇರಿಂಗ್‌ಗೂ ಗತಿ. ಅದು ನಿಂತ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಕೆಲವೇ ನಿಮಿಷದಲ್ಲಿ ಎಂಜಿನ್ ಸೀಜ್ ಆಗುತ್ತದೆ, ಅಂದರೆ ಒಳಗೆ ಬಿಗಿದುಕೊಂಡು ನಿಂತುಹೋಗುತ್ತದೆ. ದಡದಿಂದ ದೂರ, ಗಾಳಿ ಎದ್ದ ಹೊತ್ತಿನಲ್ಲಿ ಎಂಜಿನ್ ಸೀಜ್ ಆದರೆ ದೋಣಿಯಲ್ಲಿರುವವರ ಪಾಡೇನು? ನಿಮ್ಮ ಸಮವಸ್ತ್ರ ಧರಿಸಿ ಬಂದವರ ಮಾತನ್ನು ಜನ ನಂಬುತ್ತಾರೆ. ಆದ್ದರಿಂದಲೇ ಈ ಸಲಹೆ ನಮ್ಮನ್ನು ಕಂಗೆಡಿಸಿತು.

ಇನ್ನೊಂದು ಲೋಪವನ್ನೂ ಹೇಳಿಬಿಡುತ್ತೇವೆ. ಎರಡು ಸಲ ಸೆನ್ಸರ್ ಬಿಚ್ಚಿದವರು ಟ್ಯಾಂಕ್‌ನ ತಳ ನೋಡಿಲ್ಲ. ನಾವು ನೋಡಿದಾಗ ತಳದಲ್ಲಿ ಒಂದೆರಡು ಚಮಚ ನೀರಿತ್ತು, ಜಾಳಿಗೆ ಫಿಲ್ಟರ್‌ನಲ್ಲಿ ಬಿಳಿಚಿದ ಲೋಳೆ ಕಟ್ಟಿತ್ತು. ನೀರು ಎಣ್ಣೆಗಿಂತ ಭಾರ, ಕೆಳಗೆ ನಿಲ್ಲುತ್ತದೆ; ಎಣ್ಣೆ ಎಳೆಯುವ ಕೊಳವೆಯ ಬಾಯಿ ಇರುವುದೂ ಅಲ್ಲಿಯೇ. ಸೆನ್ಸರ್ ಬಿಚ್ಚಿದ ಮೇಲೆ ತಳ ಒರೆಸಿ ಜಾಳಿಗೆ ತೊಳೆಯುವುದು ಐದು ನಿಮಿಷದ ಕೆಲಸ.

ಸದ್ಯಕ್ಕೆ ನಾವು ಸವೆದ ಭಾಗ ಕತ್ತರಿಸಿ, ತವರ ಲೇಪಿಸಿದ ತಾಮ್ರದ ವೈರ್ ಸೇರಿಸಿ, ಒಳಗೆ ಅಂಟು ಲೇಪಿಸಿದ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದ್ದೇವೆ. ಬರೀ ಟೇಪ್ ಸುತ್ತಿದರೆ ಉಪ್ಪುನೀರು ಎಳೆಗಳ ಸಂದಿನಲ್ಲಿ ಒಳಗೊಳಗೇ ಹರಿದು ವೈರನ್ನು ತಿಂದುಹಾಕುತ್ತದೆ. ಎಂಜಿನ್ ಎರಡೂ ಕಡೆ ಪೂರ್ತಿ ತಿರುಗಿದರೂ ಬಿಗಿಯಾಗದಷ್ಟು ಸಡಿಲ ಬಿಟ್ಟು ಕಟ್ಟಿ, ಕಳಚಿಟ್ಟಿದ್ದ ಪ್ಲಗ್ಗನ್ನೂ ಮತ್ತೆ ಹಾಕಿದ್ದೇವೆ. ಬಜರ್ ನಿಂತಿದೆ. ಆದರೂ ಕ್ಲಿಪ್ ಇಲ್ಲದ ಈ ರಿಪೇರಿಯ ಮೇಲೆ ಪೂರ್ತಿ ಭರವಸೆ ಇಡಲಾಗದು. ನಮ್ಮದು ಕಾರ್ಬ್ಯುರೇಟರ್ ಎಂಜಿನ್ ಆದ್ದರಿಂದ 25 ಲೀಟರ್ ಪೆಟ್ರೋಲ್‌ಗೆ 500 ಮಿ.ಲೀ. ಟಿಸಿ-ಡಬ್ಲ್ಯೂ3 (ದೋಣಿಯ ಟೂ-ಸ್ಟ್ರೋಕ್ ಎಂಜಿನ್‌ಗೆಂದೇ ಇರುವ ದರ್ಜೆಯ) ಎಣ್ಣೆ, ಅಂದರೆ 50ಕ್ಕೆ 1ರಂತೆ, ಪೆಟ್ರೋಲ್ ಟ್ಯಾಂಕ್‌ಗೂ ಬೆರೆಸಿ ಓಡಿಸುತ್ತಿದ್ದೇವೆ. ಹೊಗೆ ಜಾಸ್ತಿ, ಸ್ಪಾರ್ಕ್ ಪ್ಲಗ್ ಬೇಗ ಕಪ್ಪಾಗುತ್ತದೆ, ಪಿಸ್ಟನ್ ಅಂತೂ ಉಳಿಯುತ್ತದೆ. ಇದನ್ನೇ ನೆಪ ಮಾಡಿ ವಾರಂಟಿ ನಿರಾಕರಿಸಬಾರದು.

ಟ್ಯಾಂಕ್‌ನಿಂದ ಎಂಜಿನ್‌ವರೆಗಿನ ವೈರ್ ಕಟ್ಟನ್ನು ಕ್ಲಿಪ್ ಸಮೇತ ವಾರಂಟಿಯಲ್ಲಿ ಬದಲಿಸಿಕೊಡಿ. ಎರಡು ಸೆನ್ಸರ್‌ಗಳ ಬೆಲೆ ಮತ್ತು ಮೂರೂ ಭೇಟಿಗಳ ಕೂಲಿ ವಾಪಸ್ ಕೊಡಿ. ಮೂರನೇ ಜಾಬ್ ಕಾರ್ಡ್‌ನಲ್ಲಿ ಪ್ಲಗ್ ಕಳಚಿದ್ದನ್ನು ದಾಖಲಿಸಿ ತಿದ್ದಿ, ಆ ಸಲಹೆ ತಪ್ಪೆಂದು ಲಿಖಿತವಾಗಿ ತಿಳಿಸಿ. ಅದೇ ಸರ್ವಿಸ್ ಕೇಂದ್ರದಲ್ಲಿ ಬಜರ್ ತೊಂದರೆಗೆ ರಿಪೇರಿಯಾದ ಉಳಿದ ಎಂಜಿನ್‌ಗಳ ಮಾಲೀಕರನ್ನೂ ಕರೆದು, ಪ್ಲಗ್ ಹಾಕಿದೆಯೇ ಎಂದು ನೋಡಿಸಿ. ಇದು ನಮ್ಮ ಹಣಕ್ಕಿಂತ ಮೊದಲು ಆಗಬೇಕಾದ ಕೆಲಸ. ಕೈಪಿಡಿಯಲ್ಲಿ ಬಜರ್ ಬಂದರೆ "ಡೀಲರನ್ನು ಸಂಪರ್ಕಿಸಿ" ಎಂದಷ್ಟೇ ಇದೆ. ಫ್ಲೋಟ್ ಮೇಲಿದ್ದಾಗ, ಕೆಳಗಿದ್ದಾಗ ಮೀಟರ್ ಏನು ತೋರಿಸಬೇಕು ಎಂಬ ಎರಡು ಸಾಲನ್ನು ದಯವಿಟ್ಟು ಸೇರಿಸಿ.

ಮೂಲ ಸೆನ್ಸರ್, ಬೆಸೆದುಹೋದ ಸೆನ್ಸರ್ ಮತ್ತು ಕತ್ತರಿಸಿದ ವೈರ್ ತುಂಡನ್ನು ಚೀಟಿ ಅಂಟಿಸಿ ಜೋಪಾನವಾಗಿ ಇಟ್ಟಿದ್ದೇವೆ. ನಿಮ್ಮ ತಂತ್ರಜ್ಞರು ಬಂದರೆ ಅವರ ಎದುರಿಗೇ ಮೀಟರ್ ಹಿಡಿದು ತೋರಿಸುತ್ತೇವೆ. 15 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ದೋಣಿ ನಿರ್ವಹಣಾ ತಂಡ

ಲಗತ್ತು: ಮೂರು ಜಾಬ್ ಕಾರ್ಡ್‌ಗಳ ಪ್ರತಿ, ಎರಡು ಬಿಲ್‌ಗಳು, ಸವೆದ ವೈರ್ ಮತ್ತು ಖಾಲಿ ಕ್ಲಿಪ್ ತೂತಿನ ಫೋಟೋಗಳು.