ತೊಗರಿ ವರದಿಯಲ್ಲಿ ಅಯಾನೀಕರಣ ವಿಧಾನವೂ ಇರಲಿ

ಮಾನ್ಯ ಸಂಪಾದಕರೇ,

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಬೇಳೆಯ ಜೊತೆ ಕೀಟನಾಶಕ ಉಳಿಕೆಯ ವರದಿ ಕೇಳುವ ಖರೀದಿದಾರರೂ ಇದ್ದಾರೆ. ಆದರೆ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಷ್ಟೇ ಬರೆದಿದ್ದರೆ ಅದನ್ನು ನಂಬುವುದು ಹೇಗೆ? ಉಳಿಕೆ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಕ್ಕೆ ಕಾಣುವುದು ಅಯಾನು, ಅಂದರೆ ವಿದ್ಯುದಾವೇಶ ಪಡೆದ ಅಣು ಮಾತ್ರ. ಹೀಗೆ ಆವೇಶ ಕೊಡುವುದೇ ಅಯಾನೀಕರಣ. ವಿದ್ಯುದಾವೇಶ ಪಡೆಯದ ಅಣು ಎಷ್ಟೇ ಇದ್ದರೂ ಯಂತ್ರದ ಪಾಲಿಗೆ ಇಲ್ಲ.

ಕಾಯಿಕೊರಕಕ್ಕೆ ಹೊಡೆಯುವ ಇಮಾಮೆಕ್ಟಿನ್ ಬೆಂಜೊಯೇಟನ್ನೇ ನೋಡಿ. ಅದರ ಮುಖ್ಯ ಅಣುವಿನ ತೂಕ 886ರ ಆಸುಪಾಸು. ಕಾಯಿಸಿದರೆ ಆವಿಯಾಗುವ ಮೊದಲೇ ಒಡೆಯುತ್ತದೆ. ಹಾಗಾಗಿ ವಸ್ತುಗಳನ್ನು ಆವಿಯಾಗಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯ ಹಿಂದೆ 70 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಎಲೆಕ್ಟ್ರಾನ್ ಹಾಯಿಸುವ ಇಐ (ಎಲೆಕ್ಟ್ರಾನ್ ಅಯಾನೀಕರಣ) ವಿಧಾನಕ್ಕೆ ಅದು ಸಿಗದು. ದ್ರವದಲ್ಲೇ ಬೇರ್ಪಡಿಸುವ ಲಿಕ್ವಿಡ್ ಕ್ರೊಮ್ಯಾಟೋಗ್ರಫಿಗೆ, ದ್ರವವನ್ನು ಆವೇಶವುಳ್ಳ ಸಣ್ಣ ಹನಿಗಳಾಗಿ ಸಿಂಪಡಿಸುವ ಎಲೆಕ್ಟ್ರೋಸ್ಪ್ರೇ ಜೋಡಿಸಿ, ಸೂಜಿಗೆ 3ರಿಂದ 5 ಸಾವಿರ ವೋಲ್ಟ್ ಕೊಟ್ಟು ಹಿಡಿಯಬೇಕು. ಎಂಡೋಸಲ್ಫಾನ್‌ನದು ಉಲ್ಟಾ: ಎಲೆಕ್ಟ್ರೋಸ್ಪ್ರೇಯಲ್ಲಿ ಆವೇಶ ಪಡೆಯಲು ಬೇಕಾದ, ಪ್ರೋಟಾನ್ ಹಿಡಿಯುವ ಗುಣ ತೀರಾ ಕಡಿಮೆ, ಇಐಯಂಥ ಗ್ಯಾಸ್ ಕ್ರೊಮ್ಯಾಟೋಗ್ರಫಿ ವಿಧಾನದಲ್ಲಿ ಹುಡುಕಬೇಕು. ಕಳೆನಾಶಕ ಗ್ಲೈಫೋಸೇಟ್‌ಗೆ ಬೇರೆಯೇ ತಯಾರಿ ಬೇಕು. ಅದು ನೀರು ಬಿಟ್ಟು, ಉಳಿಕೆ ಹೊರತೆಗೆಯಲು ಬಳಸುವ ಅಸಿಟೋನೈಟ್ರೈಲ್ ಎಂಬ ದ್ರಾವಕಕ್ಕೆ ಬರುವುದಿಲ್ಲ.

ಎಲೆಕ್ಟ್ರೋಸ್ಪ್ರೇ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪರೀಕ್ಷೆಗೆಂದು ಬೇಳೆಯಿಂದ ದ್ರಾವಕದಲ್ಲಿ ತೆಗೆದ ಸಾರದ ಕೊಬ್ಬು, ಉಪ್ಪು ಕೀಟನಾಶಕದ ಜೊತೆಗೇ ಕ್ರೊಮ್ಯಾಟೋಗ್ರಫಿಯ ಕಾಲಂನಿಂದ (ಬೇರ್ಪಡಿಸುವ ಕೊಳವೆಯಿಂದ) ಹೊರಬಿದ್ದರೆ ಸಣ್ಣ ಹನಿಯ ಮೇಲ್ಮೈಯಲ್ಲಿ ಆವೇಶಕ್ಕಾಗಿ ಪೈಪೋಟಿ ಬೀಳುತ್ತದೆ, ಸಿಗ್ನಲ್ ಕುಸಿಯುತ್ತದೆ. ಬೇರೆ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಿತಿ ಬೇಳೆಯಲ್ಲಿ ಕೆ.ಜಿ.ಗೆ 0.01 ಮಿ.ಗ್ರಾಂ. ನಿಜಕ್ಕೂ 0.02 ಇದ್ದದ್ದು 0.008 ಎಂದು ಬಂದರೆ ಮಾಲು ಪಾಸು!

ಇದಕ್ಕೆ ಮದ್ದಿಲ್ಲದಿಲ್ಲ. 5 ಗ್ರಾಂ ಬೇಳೆ ಹಿಟ್ಟನ್ನು ಮೊದಲು 10 ಮಿ.ಲೀ. ನೀರಲ್ಲಿ ನೆನೆಸಬೇಕು, ಒಣ ಹಿಟ್ಟಿಗೆ ನೇರವಾಗಿ ದ್ರಾವಕ ಸುರಿದರೆ ಒಳಗಿನದು ಪೂರ್ತಿ ಹೊರಬರದು. ಆಮೇಲೆ 10 ಮಿ.ಲೀ. ಅಸಿಟೋನೈಟ್ರೈಲ್ ಹಾಕಿ ಕುಲುಕಿ, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು ಸೇರಿಸಿ ಮತ್ತೆ ಕುಲುಕಿ ಸೆಂಟ್ರಿಫ್ಯೂಜ್ ಮಾಡಬೇಕು. ಮೇಲಿನ ಪದರವನ್ನು ಕೊಬ್ಬು ಮುಂತಾದ ಬೇಡದ್ದನ್ನು ಹೀರುವ ಪಿಎಸ್‌ಎ ಮತ್ತು ಸಿ18 ಪುಡಿಯಿಂದ ಶುದ್ಧಿ ಮಾಡಬೇಕು. ಹೋಲಿಕೆಯ ಸ್ಟ್ಯಾಂಡರ್ಡ್ (ಗೊತ್ತಿದ್ದಷ್ಟು ಕೀಟನಾಶಕ ಬೆರೆಸಿದ ಮಾದರಿ) ಮಾತ್ರ ಬರೀ ದ್ರಾವಕದಲ್ಲಿ ಬೇಡ, ಎಣ್ಣೆ (ಕೀಟನಾಶಕ) ಹೊಡೆಯದ ಹೊಲದ ತೊಗರಿಯ ಸಾರದಲ್ಲೇ ತಯಾರಾಗಲಿ. ಅನುಮಾನವಿದ್ದರೆ ಸಾರವನ್ನು ಐದು ಪಟ್ಟು ತೆಳುವಾಗಿಸಿ ಮತ್ತೆ ಓಡಿಸಿ. ಬಂದ ಅಂಕಿಯನ್ನು ಐದರಿಂದ ಗುಣಿಸಿದಾಗ ಮೊದಲಿನದಕ್ಕಿಂತ ಜಾಸ್ತಿಯಾದರೆ ಸಿಗ್ನಲ್ ಕುಸಿದಿತ್ತು ಎಂದೇ ತಿಳಿಯಬೇಕು.

ಯಾವ ಕೀಟನಾಶಕವನ್ನು ಯಾವ ಅಯಾನೀಕರಣದಲ್ಲಿ ನೋಡಿದರು, ಎಷ್ಟು ಕಡಿಮೆಯವರೆಗೆ ಅಳೆಯಬಲ್ಲರು, ಸ್ಟ್ಯಾಂಡರ್ಡ್ ಯಾವುದರಲ್ಲಿ ಮಾಡಿದ್ದು ಎಂಬುದನ್ನು ಪ್ರಯೋಗಾಲಯಗಳು ವರದಿಯಲ್ಲೇ ಮುದ್ರಿಸಲಿ. ಎಣ್ಣೆ ಹೊಡೆಯದ ತೊಗರಿ ಸಿಗುವುದಿಲ್ಲ ಎಂಬ ನೆಪವೂ ನಿಲ್ಲದು: ಪರೀಕ್ಷೆಗೆ ಬಂದ ಸಾರಕ್ಕೇ ಗೊತ್ತಿದ್ದಷ್ಟು ಕೀಟನಾಶಕ ಹಂತ ಹಂತವಾಗಿ ಸೇರಿಸಿ ಲೆಕ್ಕ ತೆಗೆಯಬಹುದು.

– ರಸಾಯನಶಾಸ್ತ್ರ ಅಧ್ಯಾಪಕರು, ಕಲಬುರಗಿ